ಓದುಗರ ಪ್ರಶ್ನೆ: ಕೆರೆಯ ಗೆರೆ ಕೆರೆಯ ಮೇಲೆ ಕೂರುವುದಿಲ್ಲವೇಕೆ?

ಪ್ರಶ್ನೆ: ಕೋಲಾರ ತಾಲ್ಲೂಕಿನ ಕೆರೆಗಳನ್ನು ದಾಖಲಿಸುವ ಹವ್ಯಾಸಿ ಗುಂಪೊಂದರಲ್ಲಿ ನಾನಿದ್ದೇನೆ. 57 ಕೆ/4 ಸಂಖ್ಯೆಯ ಹಳೆಯ ಟೋಪೋಶೀಟನ್ನು (ಭಾರತೀಯ ಸರ್ವೇಕ್ಷಣಾ ಇಲಾಖೆಯ ನೆಲನಕ್ಷೆಯ ಹಾಳೆಯನ್ನು) ಸ್ಕ್ಯಾನ್ ಮಾಡಿ, ಹಾಳೆಯ ನಾಲ್ಕು ಮೂಲೆಗಳಲ್ಲಿ ಅಚ್ಚಾಗಿರುವ ಅಕ್ಷಾಂಶ, ರೇಖಾಂಶಗಳನ್ನು ಕೊಟ್ಟು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಕೂರಿಸಿ, ಕೆರೆಗಳ ಅಂಗಳವನ್ನೂ ಏರಿಯನ್ನೂ ಒಂದೊಂದಾಗಿ ಗೆರೆ ಎಳೆದು ಪದರ ಮಾಡಿಕೊಂಡೆವು. ಅದನ್ನು ಉಪಗ್ರಹ ಚಿತ್ರದ ಮೇಲೆ ಹಾಸಿದರೆ ಪ್ರತಿಯೊಂದು ಕೆರೆಯೂ ಆಗ್ನೇಯ ದಿಕ್ಕಿಗೆ ಜಾರಿ, ಏರಿ ಹೊಲದೊಳಗೂ ಕೋಡಿ ರಸ್ತೆಯ ಮೇಲೂ ಬಂದು ನಿಲ್ಲುತ್ತಿದೆ. ಗೆರೆ ಎಳೆದವರು ನಾಲ್ವರು. ನಾಲ್ವರ ಕೆಲಸವೂ ಒಂದೇ ಬಗೆಯಲ್ಲಿ ತಪ್ಪಿದೆ. ಇಡೀ ಪದರವನ್ನು ಹಿಡಿದು ವಾಯವ್ಯಕ್ಕೆ ಎಳೆದುಬಿಟ್ಟರೆ ಆಗದೇ?
(ಓದುಗರೊಬ್ಬರು, ಕೋಲಾರ)

ಉತ್ತರ: ಎಳೆಯುವ ಮೊದಲು ಅಳೆಯಿರಿ. ಅರ್ಧ ಉತ್ತರ ನಿಮ್ಮ ಪತ್ರದಲ್ಲಿಯೇ ಇದೆ. ನಾಲ್ಕು ಕೈಗಳು ಎಳೆದ ಗೆರೆಗಳು ಒಂದೇ ದಿಕ್ಕಿಗೆ, ಒಂದೇ ದೂರಕ್ಕೆ ತಪ್ಪಿವೆಯೆಂದರೆ ಅದು ಕೈತಪ್ಪಲ್ಲ. ಕೈತಪ್ಪಾಗಿದ್ದರೆ ಒಂದು ಕೆರೆ ಪೂರ್ವಕ್ಕೂ ಇನ್ನೊಂದು ಪಶ್ಚಿಮಕ್ಕೂ ಸರಿದಿರುತ್ತಿತ್ತು. ತಂತ್ರಾಂಶದ ಅಳತೆ ಸಾಧನವನ್ನು ತೆಗೆದುಕೊಂಡು, ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಒಂದು ಕೋಡಿಯಿಂದ ನಿಮ್ಮ ಪದರದ ಅದೇ ಕೋಡಿಗೆ ಎಷ್ಟು ದೂರವಿದೆಯೆಂದು ನೋಡಿ. ಸುಮಾರು 200 ಮೀಟರ್ ಬಂದರೆ, ಅಂದರೆ ದಕ್ಷಿಣಕ್ಕೆ 150ರಷ್ಟು ಮತ್ತು ಪೂರ್ವಕ್ಕೆ 135ರಷ್ಟು ಬಂದರೆ, ರೋಗ ಯಾವುದೆಂದು ಇಲ್ಲಿಂದಲೇ ಹೇಳಬಹುದು: ಅದು ಡೇಟಮ್ ವ್ಯತ್ಯಾಸ.

ಅಕ್ಷಾಂಶ, ರೇಖಾಂಶಗಳು ನೆಲದ ಮೇಲೆ ಕೆತ್ತಿಟ್ಟ ಸಂಖ್ಯೆಗಳೆಂದು ನಾವು ಶಾಲೆಯಲ್ಲಿ ಕಲಿತ ಮೇಲೆ ಮತ್ತೆ ಯೋಚಿಸಲು ಹೋಗುವುದಿಲ್ಲ. ಅವು ಭೂಮಿಯ ಬದಲಿಗೆ ನಾವು ಕಲ್ಪಿಸಿಕೊಂಡ ಒಂದು ನುಣುಪಾದ, ಧ್ರುವಗಳಲ್ಲಿ ತುಸು ಚಪ್ಪಟೆಯಾದ ಗೋಳದ ಮೇಲಿನ ಕೋನಗಳು. ಗೋಳ ಬದಲಾದರೆ, ಅಥವಾ ಅದನ್ನು ಭೂಮಿಗೆ ಹೊಂದಿಸಿದ ಬಗೆ ಬದಲಾದರೆ, ಅದೇ ಕೋಡಿಯ ಸಂಖ್ಯೆಗಳೂ ಬದಲಾಗುತ್ತವೆ. ಗೋಳ ಮತ್ತು ಅದರ ಹೊಂದಿಕೆ, ಎರಡೂ ಸೇರಿದ್ದಕ್ಕೇ ಡೇಟಮ್ ಎಂದು ಹೆಸರು. ಬ್ರಿಟಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆ ಅಳೆದು ಆರಂಭಿಸಿದ ಮಹಾ ತ್ರಿಕೋನಮಾಪನದ ಲೆಕ್ಕಗಳನ್ನು ಕೂಡಿಸಿಕೊಂಡು ಅವನ ನಂತರ ಬಂದ ಜಾರ್ಜ್ ಎವರೆಸ್ಟ್ 1830ರಲ್ಲಿ ಒಂದು ಗೋಳವನ್ನು ನಿಗದಿಪಡಿಸಿದ. ಮಧ್ಯಪ್ರದೇಶದ ಸಿರೋಂಜ್ ಹತ್ತಿರದ ಕಲ್ಯಾಣಪುರದಲ್ಲಿ ಅದನ್ನು ನೆಲಕ್ಕೆ ಮೊಳೆ ಹೊಡೆದಂತೆ ಹೊಂದಿಸಲಾಯಿತು. ಭಾರತಕ್ಕೆ ಚೆನ್ನಾಗಿ ಒಪ್ಪುವುದಷ್ಟೇ ಅದರ ಉದ್ದೇಶವಾಗಿದ್ದುದರಿಂದ ಅದರ ಕೇಂದ್ರ ಭೂಮಿಯ ಕೇಂದ್ರದಿಂದ ಸುಮಾರು 830 ಮೀಟರ್ ಆಚೆ ಬಿದ್ದಿದೆ. ಅದರಿಂದ ಅಂದಿನವರಿಗೆ ತೊಂದರೆಯೇನೂ ಇರಲಿಲ್ಲ, ಏಕೆಂದರೆ ನಕ್ಷೆಗಳೆಲ್ಲವೂ ಅದೇ ಗೋಳದ ಮೇಲಿದ್ದವು. ಉಪಗ್ರಹವಾದರೋ ಸುತ್ತುವುದೇ ಭೂಮಿಯ ದ್ರವ್ಯರಾಶಿಯ ಕೇಂದ್ರವನ್ನು. ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಗೋಳ ಆ ಕೇಂದ್ರವನ್ನೇ ಹಿಡಿದಿದೆ. ಅದರ ಅರ್ಧವ್ಯಾಸವೂ ಎವರೆಸ್ಟ್ ಗೋಳದ್ದಕ್ಕಿಂತ ಎಂಟುನೂರು ಮೀಟರಿಗೂ ಮಿಗಿಲಾಗಿ ದೊಡ್ಡದು.

ಹಳೆಯ ಅಂಗಡಿಗಳಲ್ಲಿ ಒಂದೊಂದು ಸೀಮೆಯ ಸೇರು ಒಂದೊಂದು ಅಳತೆಯದಾಗಿರುತ್ತಿತ್ತು. ಮನೆಯ ಸೇರಿನಲ್ಲಿ ಅಳೆದ ರಾಗಿಯನ್ನು ಸಂತೆಯ ಸೇರಿನ ಲೆಕ್ಕಕ್ಕೆ ಬರೆದುಕೊಂಡರೆ ರಾಗಿ ಕಡಿಮೆಯಾಗುವುದಿಲ್ಲ, ಲೆಕ್ಕ ಮಾತ್ರ ತಪ್ಪುತ್ತದೆ. ನೀವು ಮಾಡಿರುವುದೂ ಅಷ್ಟೇ. ಹಾಳೆಯ ಮೂಲೆಯಲ್ಲಿ ಅಚ್ಚಾದ ಸಂಖ್ಯೆಗಳು ಎವರೆಸ್ಟ್ ಗೋಳದವು, ನೀವು ತಂತ್ರಾಂಶಕ್ಕೆ ಅವನ್ನು ಡಬ್ಲ್ಯೂಜಿಎಸ್ 84ರ ಸಂಖ್ಯೆಗಳೆಂದು ಹೇಳಿದ್ದೀರಿ.

ಪರಿಹಾರಕ್ಕೆ ಎರಡು ಹೆಜ್ಜೆಗಳಿವೆ, ಮತ್ತು ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಹೆಚ್ಚಿನವರು ಎಡವುತ್ತಾರೆ. ಮೊದಲು ಪದರದ ಗುಣಲಕ್ಷಣಗಳಲ್ಲಿ ನಿರ್ದೇಶಾಂಕ ವ್ಯವಸ್ಥೆಯ ಹೆಸರನ್ನು ‘ಕಲಿಯಾನ್‌ಪುರ್ 1975’ ಎಂದು ತಿದ್ದಿ; ಮೇಲೆ ಹೇಳಿದ ಕಲ್ಯಾಣಪುರವೇ ಇದು. ತಂತ್ರಾಂಶದ ಪಟ್ಟಿಯಲ್ಲಿ ಅದರ ಸಂಖ್ಯೆ 4146. ಇದು ಡಬ್ಬಿಯ ಮೇಲಿನ ಚೀಟಿಯನ್ನು ಸರಿಪಡಿಸಿದಂತೆ, ಒಳಗಿನ ಸಂಖ್ಯೆಗಳು ಹಾಗೆಯೇ ಇರುತ್ತವೆ. ಆಮೇಲೆ ‘ರೀಪ್ರೊಜೆಕ್ಟ್’ ಆಜ್ಞೆಯಿಂದ 4326ಕ್ಕೆ, ಅಂದರೆ ಡಬ್ಲ್ಯೂಜಿಎಸ್ 84ಕ್ಕೆ, ಹೊಸ ಕಡತವಾಗಿ ಪರಿವರ್ತಿಸಿ. ಆಗ ಸಂಖ್ಯೆಗಳೇ ಲೆಕ್ಕಹಾಕಲ್ಪಟ್ಟು ಬದಲಾಗುತ್ತವೆ. ಪರಿವರ್ತನೆಗೆ ಯಾವ ಸೂತ್ರವೆಂದು ತಂತ್ರಾಂಶ ಕೇಳಿದರೆ 295, 736, 257 ಎಂಬ ಮೂರು ಮೀಟರ್ ಸಂಖ್ಯೆಗಳಿರುವುದನ್ನು ಆರಿಸಿಕೊಳ್ಳಿ. ಇಷ್ಟಾದ ಮೇಲೂ ಹತ್ತಿಪ್ಪತ್ತು ಮೀಟರಿನ ಶಿಲ್ಕು ಉಳಿಯಬಹುದು, ಏಕೆಂದರೆ ಇಡೀ ದೇಶಕ್ಕೆ ಮೂರೇ ಸಂಖ್ಯೆಗಳಲ್ಲಿ ಹೇಳಿದ ಸೂತ್ರ ಅದಕ್ಕಿಂತ ನಿಖರವಾಗಿರಲಾರದು. ಜೊತೆಗೆ 1:50,000 ಪ್ರಮಾಣದ ಹಾಳೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ 25 ಮೀಟರ್ ಅಗಲವಾಗುತ್ತದೆ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸಾರ್ವಜನಿಕರಿಗೆಂದು ಬಂದ ಮುಕ್ತ ಸರಣಿಯ ಹಾಳೆಗಳು ಡಬ್ಲ್ಯೂಜಿಎಸ್ 84ರ ಮೇಲೆಯೇ ಇರುವುದರಿಂದ ಅವುಗಳಿಗೆ ಈ ಪರಿವರ್ತನೆ ಮಾಡಬಾರದು. ಮಾಡಿದರೆ ಕೆರೆಗಳು ಈ ಸಲ ವಾಯವ್ಯಕ್ಕೆ ಓಡುತ್ತವೆ.

ಇನ್ನು ಕೈಯಿಂದ ಎಳೆಯುವ ವಿಚಾರ. ಕೆಲಸ ಕಲಿಯುವ ದಿನಗಳಲ್ಲಿ ನಾನೂ ಅದನ್ನು ಮಾಡಿದ್ದೇನೆ. ಒಂದು ದೇವಸ್ಥಾನದ ಗೋಪುರವನ್ನು ಗುರುತು ಹಿಡಿದು, ಇಡೀ ಜಿಲ್ಲೆಯ ಪದರವನ್ನು ಸರಿಸಿ, ಪರದೆಯ ಮೇಲೆ ಅಚ್ಚುಕಟ್ಟಾಗಿ ಕೂತದ್ದನ್ನು ಕಂಡು ಸಂತೋಷಪಟ್ಟು ಮನೆಗೆ ಹೋದೆ. ಮರುದಿನ ಹಿರಿಯ ಸಹೋದ್ಯೋಗಿಯೊಬ್ಬರು ಏನೂ ಹೇಳದೆ ಉತ್ತರದ ಜಿಲ್ಲೆಯೊಂದರ ಪದರವನ್ನು ತೆರೆದು, ನನ್ನ ಸಂಖ್ಯೆಗಳನ್ನೇ ಹಾಕಿ, ನಲವತ್ತು ಮೀಟರಿನ ತಪ್ಪನ್ನು ತೋರಿಸಿ ಕಾಫಿಗೆ ಹೊರಟುಹೋದರು. ಡೇಟಮ್ ವ್ಯತ್ಯಾಸ ಎಲ್ಲೆಡೆಯೂ ಒಂದೇ ಸಮನಾಗಿಲ್ಲ ಎಂಬುದು ಆಗ ಅರ್ಥವಾಯಿತು: ಉತ್ತರ, ದಕ್ಷಿಣದ ಅಂತರ ಕೋಲಾರದಲ್ಲಿ 150 ಮೀಟರಿನಷ್ಟಿದ್ದರೆ ಬೀದರಿನಲ್ಲಿ 110ರ ಸುತ್ತ ಬರುತ್ತದೆ. ಒಂದು ತಾಲ್ಲೂಕಿಗೆ ಎಳೆದದ್ದು ಸಾಕೆನಿಸಬಹುದು, ಆದರೆ ನಿಮ್ಮ ಪದರವನ್ನು ನಾಳೆ ಪಡೆಯುವವರಿಗೆ ನೀವು ಎಷ್ಟು ಎಳೆದಿರೆಂಬುದು ತಿಳಿಯುವುದಿಲ್ಲ, ಮತ್ತು ಅವರು ಸರಿಯಾದ ಪರಿವರ್ತನೆಯನ್ನೇ ಮಾಡಿ ಇನ್ನಷ್ಟು ಕೆಡಿಸುತ್ತಾರೆ.

ಕೋಲಾರದವರಾದ್ದರಿಂದ ಇನ್ನೊಂದು ಎಚ್ಚರಿಕೆಯನ್ನು ಹೇಳಬೇಕು. ಮೀಟರ್ ಲೆಕ್ಕದ ಯುಟಿಎಂ ಪದ್ಧತಿಯಲ್ಲಿ ಭೂಮಿಯನ್ನು ಆರಾರು ಡಿಗ್ರಿಯ ಪಟ್ಟಿಗಳಾಗಿ ಸೀಳಿದ್ದಾರೆ. 43 ಮತ್ತು 44ನೆಯ ಪಟ್ಟಿಗಳ ನಡುವಿನ ಗೆರೆ 78 ಡಿಗ್ರಿ ರೇಖಾಂಶ. ಅದು ನಿಮ್ಮ ಜಿಲ್ಲೆಯೊಳಗೇ ಹಾದುಹೋಗುತ್ತದೆ. ಮಾಲೂರು 43ರಲ್ಲಿ, ಕೋಲಾರ ಪಟ್ಟಣ 44ರಲ್ಲಿ. ಕರ್ನಾಟಕದ ಬಹುಭಾಗ 43ರಲ್ಲಿರುವುದರಿಂದ ಅಭ್ಯಾಸಬಲದಿಂದ ಎಲ್ಲರೂ ಅದನ್ನೇ ಒತ್ತುತ್ತಾರೆ, ಆಗ ಕೋಲಾರದ ಕೆರೆಗಳು ಲಕ್ಷದ್ವೀಪದ ಉತ್ತರಕ್ಕೆ ಅರಬ್ಬೀ ಸಮುದ್ರದಲ್ಲಿ ತೇಲುತ್ತವೆ. ಅಕ್ಷಾಂಶ, ರೇಖಾಂಶಗಳನ್ನು ಅದಲುಬದಲು ಮಾಡಿದರೆ ಇನ್ನೂ ದೂರ: 13 ಮತ್ತು 78ನ್ನು ತಿರುಗಿಸಿ ಬರೆದಾಗ ಬರುವ ಜಾಗ ಉತ್ತರ ಧ್ರುವದ ಹತ್ತಿರದ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಪಶ್ಚಿಮ ಕರಾವಳಿ. ಜಾಲತಾಣದ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ಪ್ರಕ್ಷೇಪವನ್ನು (ದುಂಡನೆಯ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಒಂದು ಬಗೆಯನ್ನು) ಸಾಮಾನ್ಯ ಮರ್ಕೇಟರ್ ಎಂದು ಓದಿಸಿದರೆ ನಿಮ್ಮ ಅಕ್ಷಾಂಶದಲ್ಲಿ ಉತ್ತರ, ದಕ್ಷಿಣವಾಗಿ ಒಂಬತ್ತು ಹತ್ತು ಕಿಲೋಮೀಟರ್ ವ್ಯತ್ಯಾಸ ಬರುತ್ತದೆ. ತಪ್ಪಿನ ಗಾತ್ರವೇ ತಪ್ಪಿನ ಹೆಸರನ್ನು ಹೇಳುವುದರಿಂದ ಮೊದಲು ಅಳೆಯಿರಿ ಎಂದೆ.

ಪ್ರಶ್ನೆ: ಚಿಕ್ಕಮಗಳೂರಿನ ಗಿರಿ ಶ್ರೇಣಿಯ ತಪ್ಪಲಲ್ಲಿ ನಮ್ಮ ಕಾಫಿ ತೋಟವಿದೆ. ಬೆಳೆಗಾರರ ನಮ್ಮ ಗುಂಪು ಹಣ ಕೂಡಿಸಿ ಒಂದು ಉಪಗ್ರಹ ಚಿತ್ರವನ್ನು ಖರೀದಿಸಿತು. ತೋಟದ ರಸ್ತೆಗಳಲ್ಲಿ ಜಿಪಿಎಸ್ ಹಿಡಿದು ನಡೆದು ದಾಖಲಿಸಿದ ಗೆರೆಗಳು ಹಳ್ಳದ ಬದಿಯಲ್ಲಿ ಚಿತ್ರದ ರಸ್ತೆಯ ಮೇಲೆ ಸರಿಯಾಗಿ ಕೂರುತ್ತವೆ. ಮೇಲೇರಿದಂತೆಲ್ಲ ದೂರ ಸರಿದು, ತುದಿಯ ಬಂಗಲೆಯ ಬಳಿ ನಲವತ್ತು ಮೀಟರ್ ವ್ಯತ್ಯಾಸ ತೋರಿಸುತ್ತವೆ. ಡೇಟಮ್, ಪ್ರಕ್ಷೇಪ ಎಲ್ಲವನ್ನೂ ಪರೀಕ್ಷಿಸಿದ್ದೇವೆ. ಜಿಪಿಎಸ್ ಉಪಕರಣವೇ ಕೆಟ್ಟಿದೆಯೇ?
(ಬೆಳೆಗಾರರೊಬ್ಬರು, ಚಿಕ್ಕಮಗಳೂರು)

ಉತ್ತರ: ಉಪಕರಣ ಕೆಟ್ಟಿದ್ದರೆ ಹಳ್ಳದಲ್ಲೂ ಕೆಟ್ಟಿರಬೇಕಾಗಿತ್ತು. ಎತ್ತರ ಹೆಚ್ಚಿದಂತೆ ತಪ್ಪೂ ಹೆಚ್ಚುತ್ತದೆಯೆಂದರೆ ಅನುಮಾನಪಡಬೇಕಾದದ್ದು ಚಿತ್ರವನ್ನು.

ಚೌಕುಳಿ ಹಾಸಿಗೆ ಹೊದಿಕೆಯೊಂದನ್ನು ನೆಲದ ಮೇಲೆ ಹರಡಿ, ಒಂದು ಚೌಕದ ನಡುವೆ ಉದ್ದನೆಯ ಲೋಟವನ್ನು ನಿಲ್ಲಿಸಿ. ನೇರವಾಗಿ ಮೇಲಿನಿಂದ ಬಗ್ಗಿ ನೋಡಿದರೆ ಲೋಟದ ಬಾಯಿ, ತಳ ಎರಡೂ ಒಂದೇ ಚೌಕದಲ್ಲಿವೆ. ಎರಡು ಹೆಜ್ಜೆ ಹಿಂದೆ ಸರಿದು ಓರೆಯಾಗಿ ನೋಡಿ: ತಳ ಅಲ್ಲಿಯೇ ಇದೆ, ಬಾಯಿ ಮಾತ್ರ ನಿಮ್ಮಿಂದ ಆಚೆಗಿನ ಚೌಕವನ್ನು ಮರೆಮಾಡುತ್ತಿದೆ. ಆ ನೋಟವನ್ನು ಚಿತ್ರವಾಗಿ ತೆಗೆದು, ಬಾಯಿ ಯಾವ ಚೌಕದಲ್ಲಿದೆಯೆಂದು ಯಾರನ್ನಾದರೂ ಕೇಳಿದರೆ ಅವರು ಪಕ್ಕದ ಚೌಕವನ್ನೇ ಹೇಳುತ್ತಾರೆ. ನಿಮ್ಮ ತುದಿಯ ಬಂಗಲೆ ಆ ಲೋಟದ ಬಾಯಿ.

ಹೆಚ್ಚು ಸ್ಪಷ್ಟತೆಯ ಉಪಗ್ರಹಗಳು ತಮ್ಮ ನೇರ ಕೆಳಗಿನದನ್ನಷ್ಟೇ ಸೆರೆಹಿಡಿಯುವುದಿಲ್ಲ. ಕೇಳಿದ ಜಾಗವನ್ನು ಬೇಗ ಒದಗಿಸುವುದಕ್ಕಾಗಿ ಅವು ಇಪ್ಪತ್ತು, ಇಪ್ಪತ್ತೈದು ಡಿಗ್ರಿ ವಾಲಿ ನೋಡುವುದು ಸಾಮಾನ್ಯ. ನೆಲಕ್ಕೆ ಲಂಬವಾದ ಗೆರೆಯಿಂದ ನೋಟ 25 ಡಿಗ್ರಿ ಓರೆಯಾಗಿದ್ದರೆ, ಎತ್ತರದ ಪ್ರತಿ 100 ಮೀಟರಿಗೆ ಸುಮಾರು 47 ಮೀಟರ್ ಸರಿತ ಬರುತ್ತದೆ. ಹಳ್ಳಕ್ಕಿಂತ ತುದಿ 85 ಮೀಟರ್ ಮೇಲಿದ್ದರೆ ನಿಮ್ಮ ನಲವತ್ತು ಮೀಟರ್ ಹಾಗೇ ಹೊರಬೀಳುತ್ತದೆ. ಚಿತ್ರವನ್ನು ಮಾರಿದವರು ಅದನ್ನು ಒಂದೇ ಎತ್ತರದ ಚಪ್ಪಟೆ ನೆಲವೆಂದು ಭಾವಿಸಿ ಹಾಸಿ ಕೊಟ್ಟಿದ್ದಾರೆ, ಆ ಎತ್ತರ ನಿಮ್ಮ ಹಳ್ಳದ ಎತ್ತರಕ್ಕೆ ಹತ್ತಿರವಿದೆ, ಅದಕ್ಕೇ ಅಲ್ಲಿ ಗೆರೆ ಕೂತಿದೆ. ಗುಡ್ಡಗಾಡಿನವರು ಚಿತ್ರ ಕೊಳ್ಳುವಾಗ ಸ್ಪಷ್ಟತೆ ಎಷ್ಟು ಸೆಂಟಿಮೀಟರ್ ಎಂದಷ್ಟೇ ವಿಚಾರಿಸಿ, ನೋಟದ ಓರೆ ಎಷ್ಟೆಂದು ಕೇಳದೆ ಬರುತ್ತಾರೆ. ನನ್ನ ಮಟ್ಟಿಗೆ ಎರಡನೆಯ ಪ್ರಶ್ನೆಯೇ ಮೊದಲಿನದಾಗಬೇಕು.

ಇದನ್ನು ಸರಿಪಡಿಸುವ ಕ್ರಮಕ್ಕೆ ಆರ್ಥೋರೆಕ್ಟಿಫಿಕೇಶನ್ ಎಂದು ಹೆಸರು. ನೆಲದ ಎತ್ತರದ ಮಾದರಿಯನ್ನು ಜೊತೆಗಿಟ್ಟುಕೊಂಡು ಚಿತ್ರದ ಒಂದೊಂದು ಚುಕ್ಕೆಯನ್ನೂ ಅದರ ನಿಜವಾದ ಜಾಗಕ್ಕೆ ಸರಿಸುವುದು ಅದರ ಕೆಲಸ. ಎತ್ತರದ ಮಾದರಿಗಳು ಉಚಿತವಾಗಿಯೇ ದೊರೆಯುತ್ತವೆ: 2000ದ ಫೆಬ್ರವರಿಯಲ್ಲಿ ಅಮೆರಿಕದ ಶಟಲ್ ನೌಕೆಯೊಂದು ರಾಡಾರಿನಿಂದ ಅಳೆದ ಎಸ್‌ಆರ್‌ಟಿಎಂ ಇದೆ, 2005ರಲ್ಲಿ ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್–1ರ ಜೋಡಿ ಚಿತ್ರಗಳಿಂದ ಕಟ್ಟಿದ ಕಾರ್ಟೋಡೆಮ್ ಇದೆ. ಆದರೆ ಇಲ್ಲಿ ನಮ್ಮ ಸೀಮೆಯವರಿಗೇ ವಿಶೇಷವಾದ ಒಂದು ಹೊಂಡವಿದೆ. ಸಮುದ್ರಮಟ್ಟದಿಂದ ಅಳೆದ ಎತ್ತರವೇ ಬೇರೆ, ಡಬ್ಲ್ಯೂಜಿಎಸ್ 84 ಗೋಳದ ಮೈಯಿಂದ ಅಳೆದ ಎತ್ತರವೇ ಬೇರೆ. ಗುರುತ್ವದ ಏರುಪೇರಿನಿಂದಾಗಿ ಸಮುದ್ರಮಟ್ಟ ಗೋಳದ ಮೈಗಿಂತ ಅತ್ಯಂತ ತಗ್ಗಿರುವ ಪ್ರದೇಶ ಭಾರತದ ದಕ್ಷಿಣಕ್ಕಿರುವ ಹಿಂದೂ ಮಹಾಸಾಗರದಲ್ಲಿರುವುದರಿಂದ ನಮ್ಮಲ್ಲಿ ಈ ಎರಡರ ನಡುವೆ ಸುಮಾರು 90 ಮೀಟರ್ ಅಂತರವಿದೆ. ಚಿತ್ರದ ಜೊತೆ ಬರುವ ಗಣಿತದ ಕಡತ ಸಾಮಾನ್ಯವಾಗಿ ಗೋಳದ ಮೈಯಿಂದ ಅಳೆದ ಎತ್ತರವನ್ನು ಬಯಸುತ್ತದೆ, ಉಚಿತ ಮಾದರಿಗಳಲ್ಲಿ ಹೆಚ್ಚಿನವು ಸಮುದ್ರಮಟ್ಟದ ಎತ್ತರವನ್ನು ಕೊಡುತ್ತವೆ. ಅದನ್ನು ಗಮನಿಸದೆ ತಿದ್ದಿದರೆ 25 ಡಿಗ್ರಿಯ ಓರೆನೋಟದಲ್ಲಿ ಇಡೀ ಚಿತ್ರ ಮತ್ತೆ ನಲವತ್ತು ಮೀಟರ್ ಪಕ್ಕಕ್ಕೆ ಹೋಗುತ್ತದೆ, ಈ ಸಲ ಹಳ್ಳವನ್ನೂ ಸೇರಿಸಿಕೊಂಡು.

ತಿದ್ದಿದ ಮೇಲೂ ತೋಟದೊಳಗೆ ಐದು ಹತ್ತು ಮೀಟರ್ ಉಳಿದರೆ ಚಿತ್ರವನ್ನು ಬಯ್ಯಬೇಡಿ. ರಾಡಾರ್ ಅಳೆದದ್ದು ಬಹುಪಾಲು ಸಿಲ್ವರ್ ಓಕ್ ಮರಗಳ ನೆತ್ತಿಯನ್ನು, ಅದರ ಬುಡದ ಮಣ್ಣನ್ನಲ್ಲ; ಆ ನೆರಳಿನಡಿಯಲ್ಲಿ ನಿಮ್ಮ ಜಿಪಿಎಸ್ ಕೂಡ ಬಯಲಿನಲ್ಲಿ ಇದ್ದಷ್ಟು ಚುರುಕಾಗಿರುವುದಿಲ್ಲ.

ಪ್ರಶ್ನೆ: ಮೊಬೈಲ್ ಆ್ಯಪ್ ಒಂದರಲ್ಲಿ ಸರ್ವೆ ನಂಬರುಗಳ ಗೆರೆಗಳನ್ನು ಉಪಗ್ರಹ ಚಿತ್ರದ ಮೇಲೆ ತೋರಿಸುತ್ತಾರೆ. ಅದರ ಪ್ರಕಾರ ನಮ್ಮ ಪಕ್ಕದವರ ಹದ್ದು ನಮ್ಮ ತೋಟದೊಳಗೆ ಎರಡು ಸಾಲು ತೆಂಗಿನಷ್ಟು ಒಳಬಂದಿದೆ. ಅವರು ಈಗ ಅದನ್ನೇ ಹಿಡಿದು ಒತ್ತುವರಿ ಎನ್ನುತ್ತಿದ್ದಾರೆ. ನಮ್ಮ ತಾತನ ಕಾಲದ ಕಲ್ಲುಗಳು ಹಾಗೆಯೇ ಇವೆ. ಉಪಗ್ರಹ ಸುಳ್ಳು ಹೇಳುತ್ತದೆಯೇ?
(ರೈತರೊಬ್ಬರು, ತಿಪಟೂರು ತಾಲ್ಲೂಕು)

ಉತ್ತರ: ಉಪಗ್ರಹ ನಿಮ್ಮ ಹದ್ದನ್ನು ಕುರಿತು ಏನನ್ನೂ ಹೇಳಿಲ್ಲ. ಅದು ತೋರಿಸಿರುವುದು ತೆಂಗಿನ ಗರಿಗಳನ್ನು. ಗೆರೆ ಬಂದಿರುವುದು ಗ್ರಾಮ ನಕ್ಷೆಯಿಂದ, ಆ ನಕ್ಷೆಯನ್ನು ಚಿತ್ರದ ಮೇಲೆ ಕೂರಿಸಿದವರು ಮನುಷ್ಯರು.

ನಮ್ಮ ಜಮೀನುಗಳನ್ನು ಅಳೆದದ್ದು 33 ಅಡಿಯ ಸರಪಳಿಯಿಂದ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ 1,089 ಚದರ ಅಡಿ, ಅದೇ ಗುಂಟೆ. ಅಂಥ ನಲವತ್ತು ಗುಂಟೆ ಒಂದು ಎಕರೆ. ಟಿಪ್ಪಣಿಯಲ್ಲಿ, ಅಂದರೆ ಜಮೀನಿನ ಮೂಲ ಅಳತೆಯನ್ನು ಬರೆದಿಟ್ಟ ದಾಖಲೆಯಲ್ಲಿ, ಸರಪಳಿಯನ್ನು ಹದಿನಾರು ಆಣೆಗಳಾಗಿ ಭಾಗಮಾಡಿ ಬರೆದಿರುತ್ತಾರೆ, ಅಂದರೆ ಒಂದು ಆಣೆಗೆ ಎರಡಡಿಗಿಂತ ತುಸು ಹೆಚ್ಚು. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಎಷ್ಟು ದೂರ ಎಂಬುದನ್ನು ಈ ಪದ್ಧತಿ ಸಾಕಷ್ಟು ಚೆನ್ನಾಗಿ ಹೇಳುತ್ತದೆ. ಆ ಕಲ್ಲು ಭೂಮಂಡಲದಲ್ಲಿ ಎಲ್ಲಿದೆ ಎಂಬುದನ್ನು ಹೇಳುವುದೇ ಇಲ್ಲ, ಏಕೆಂದರೆ ಯಾರೂ ಅದನ್ನು ಕೇಳಿರಲಿಲ್ಲ. ಗ್ರಾಮ ನಕ್ಷೆಯಲ್ಲಿ ಅಕ್ಷಾಂಶವೂ ಇಲ್ಲ, ರೇಖಾಂಶವೂ ಇಲ್ಲ. ಹಾಗಾಗಿ ಅದನ್ನು ಕಂಪ್ಯೂಟರಿಗೆ ಏರಿಸುವವರು ನಕ್ಷೆಯಲ್ಲಿಯೂ ಚಿತ್ರದಲ್ಲಿಯೂ ಗುರುತಿಸಬಲ್ಲ ಕೆಲವು ಜಾಗಗಳನ್ನು ಹುಡುಕುತ್ತಾರೆ: ಕೆರೆ ಏರಿಯ ತಿರುವು, ಹಳ್ಳಗಳು ಕೂಡುವ ಮೂಲೆ, ಮೂರು ಊರಿನ ಗಡಿ ಸೇರುವ ಕಲ್ಲು. ಆ ಜಾಗಗಳನ್ನು ಒಂದರ ಮೇಲೊಂದು ಕೂರಿಸಿ, ಮಿಕ್ಕ ನಕ್ಷೆಯನ್ನು ಅದಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುತ್ತಾರೆ. ಕೆರೆ ಏರಿಯ ಬಳಿ ಗೆರೆ ಚೆನ್ನಾಗಿ ಕೂರುತ್ತದೆ. ಅಂಥ ಗುರುತಿಲ್ಲದ ತೋಟಗಳ ನಡುವೆ ಅದು ಎಲ್ಲಿ ಬೀಳುತ್ತದೆಯೋ ಅಲ್ಲಿ ಬೀಳುತ್ತದೆ. ಕೂರಿಸಿದಾಗ ತಂತ್ರಾಂಶ ತೋರಿಸುವ ಸರಾಸರಿ ತಪ್ಪು ಬಳಸಿದ ಆ ಕೆಲವು ಜಾಗಗಳದ್ದೇ ಹೊರತು ನಿಮ್ಮ ತೋಟದ್ದಲ್ಲ, ಆ ಸಂಖ್ಯೆ ಚಿಕ್ಕದಾಗಿದ್ದ ಮಾತ್ರಕ್ಕೆ ನಂಬುವ ಹಾಗಿಲ್ಲ.

ಇದರ ಮೇಲೆ ಕಾಗದದ ಸಮಸ್ಯೆಯಿದೆ. ಹತ್ತಾರು ಮಳೆಗಾಲಗಳನ್ನು ಕಂಡ ನಕ್ಷೆಯ ಹಾಳೆ ಉದ್ದಕ್ಕೆ ಒಂದು ಬಗೆಯಾಗಿ, ಅಗಲಕ್ಕೆ ಇನ್ನೊಂದು ಬಗೆಯಾಗಿ ಎಳೆದಿರುತ್ತದೆ. ಒಂದು ಅಂಗುಲಕ್ಕೆ 660 ಅಡಿ, ಅಂದರೆ 1:7,920 ಪ್ರಮಾಣದ ಗ್ರಾಮ ನಕ್ಷೆಯಲ್ಲಿ ಅರ್ಧ ಮಿಲಿಮೀಟರಿನ ಶಾಯಿಗೆರೆ ನೆಲದ ಮೇಲೆ ನಾಲ್ಕು ಮೀಟರ್ ಅಗಲವಾಗುತ್ತದೆ. ಆ ನಾಲ್ಕು ಮೀಟರಿನ ಎಡ ಅಂಚು ಹದ್ದೋ ಬಲ ಅಂಚು ಹದ್ದೋ ಎಂದು ಗೆರೆ ಹೇಳಲಾರದು. ಅದಕ್ಕೆ ಚಿತ್ರದ ಸ್ವಂತ ತಪ್ಪನ್ನು ಸೇರಿಸಿ. ಆ್ಯಪ್ ಹಿಡಿದು ಹೊಲದಲ್ಲಿ ನಿಂತಾಗ ಬಯಲಿನಲ್ಲಿಯೇ ಸುಮಾರು ಐದು ಮೀಟರ್ ತಪ್ಪುವ ಫೋನಿನ ಜಿಪಿಎಸ್ಸನ್ನೂ ಸೇರಿಸಿ. ಎರಡು ಸಾಲು ತೆಂಗೆಂದರೆ ಅಂದಾಜು ಐವತ್ತು ಅಡಿ, ಅಂದರೆ ಹದಿನೈದು ಮೀಟರ್ ಚಿಲ್ಲರೆ. ಇವೆಲ್ಲ ಒಂದೇ ಕಡೆಗೆ ಕೂಡಿಬಂದರೆ ಅಷ್ಟಾಗುವುದರಲ್ಲಿ ಆಶ್ಚರ್ಯವಿಲ್ಲ.

ನಿಮ್ಮದೇ ಫೋನಿನಲ್ಲಿ ಒಂದು ಪರೀಕ್ಷೆ ಮಾಡಬಹುದು. ನಿಮ್ಮ ಹದ್ದನ್ನು ಬಿಟ್ಟು, ಊರಿನ ಗ್ರಾಮ ನಕ್ಷೆಯಲ್ಲಿರುವ ಹಳೆಯ ಬಂಡಿದಾರಿಯನ್ನೋ ಸರ್ಕಾರಿ ಹಳ್ಳವನ್ನೋ ಅದೇ ಆ್ಯಪಿನಲ್ಲಿ ನೋಡಿ. ದಾರಿಯ ಗೆರೆಯೂ ಕಣ್ಣಿಗೆ ಕಾಣುವ ದಾರಿಯಿಂದ ಅದೇ ದಿಕ್ಕಿಗೆ, ಅಷ್ಟೇ ದೂರ ಸರಿದಿದ್ದರೆ ನಿಮ್ಮ ಹೋಬಳಿಯ ಆ ಭಾಗದ ನಕ್ಷೆಯೇ ಒಟ್ಟಾಗಿ ಸರಿದಿದೆ. ಇದನ್ನು ಪಕ್ಕದವರಿಗೂ ತೋರಿಸಿ; ಅದೇ ಲೆಕ್ಕದಲ್ಲಿ ಅವರ ತೋಟದ ಇನ್ನೊಂದು ಬದಿಯಲ್ಲಿ ಅವರೂ ಎರಡು ಸಾಲು ಕಳೆದುಕೊಂಡಿರುವುದು ಕಂಡರೆ ಮಾತು ತಣ್ಣಗಾಗುವ ಸಂಭವವಿದೆ. ಆಗದಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಭೂಮಾಪಕರಿಂದ ಮೂಲ ಟಿಪ್ಪಣಿಯ ಪ್ರಕಾರ, ಇಬ್ಬರ ಸಮ್ಮುಖದಲ್ಲಿ ಅಳತೆ ಮಾಡಿಸಿ. ಕಲ್ಲುಗಳನ್ನು ಮಾತ್ರ, ಯಾರ ಮಾತು ಕೇಳಿಯೂ, ಅಲ್ಲಿಯವರೆಗೆ ಅಲುಗಿಸಬೇಡಿ.

ಪ್ರಶ್ನೆ: ಉದ್ಯೋಗನಿಮಿತ್ತ ಚೀನಾದ ಶೆನ್‌ಜೆನ್‌ನಲ್ಲಿದ್ದೇನೆ. ಇಲ್ಲಿ ನಕ್ಷೆಯ ರಸ್ತೆಗಳನ್ನು ಉಪಗ್ರಹ ಚಿತ್ರದ ಮೇಲೆ ಹಾಕಿದಾಗ ಎಲ್ಲವೂ ಕೆಲವು ನೂರು ಮೀಟರ್ ಆಚೀಚೆ ಇರುತ್ತವೆ. ಪಕ್ಕದ ಹಾಂಗ್‌ಕಾಂಗ್‌ನಲ್ಲಿ ಹಾಗಾಗುವುದಿಲ್ಲ. ಇಷ್ಟು ಮುಂದುವರಿದವರಿಗೆ ಇದು ಬರುವುದಿಲ್ಲವೇ?
(ಓದುಗರೊಬ್ಬರು)

ಉತ್ತರ: ಬರುತ್ತದೆ, ಬೇಕೆಂದೇ ಮಾಡಿದ್ದಾರೆ. ಚೀನಾದ ಮುಖ್ಯಭೂಮಿಯಲ್ಲಿ ಪ್ರಕಟವಾಗುವ ಸಾರ್ವಜನಿಕ ನಕ್ಷೆಗಳು ಜಿಸಿಜೆ–02 ಎಂಬ ವ್ಯವಸ್ಥೆಯಲ್ಲಿರಬೇಕೆಂಬುದು ಅಲ್ಲಿಯ ನಿಯಮ. ಡಬ್ಲ್ಯೂಜಿಎಸ್ 84ರ ಸಂಖ್ಯೆಗಳಿಗೆ ಒಂದು ಸೂತ್ರದಿಂದ ಕಲಬೆರಕೆ ಮಾಡಿ ಈ ಸಂಖ್ಯೆಗಳನ್ನು ಪಡೆಯುತ್ತಾರೆ. ಸರಿತದ ದೂರವೂ ದಿಕ್ಕೂ ಊರಿಂದೂರಿಗೆ ಬದಲಾಗುವುದರಿಂದ ಒಂದೇ ಬಾರಿ ಎಳೆದು ಸರಿಪಡಿಸಲು ಆಗುವುದಿಲ್ಲ. ಚೀನಾದ ತಂತ್ರಾಂಶಗಾರರೇ ಇದನ್ನು ‘ಮಂಗಳ ಗ್ರಹದ ನಿರ್ದೇಶಾಂಕ’ ಎಂದು ಗೇಲಿಮಾಡುತ್ತಾರೆ. ಅಲ್ಲಿಯ ಪ್ರಸಿದ್ಧ ನಕ್ಷೆ ಸೇವೆಯಾದ ಬೈದು ಅದರ ಮೇಲೆ ತನ್ನದೇ ಇನ್ನೊಂದು ಸರಿತವನ್ನು ಸೇರಿಸಿ ಬಿಡಿ–09 ಎಂಬ ಮೂರನೆಯದನ್ನು ಬಳಸುತ್ತದೆ. ಕಲಬೆರಕೆಯಿಲ್ಲದ ಉಪಗ್ರಹ ಚಿತ್ರದ ಮೇಲೆ ಕಲಬೆರಕೆಯ ರಸ್ತೆಗಳನ್ನು ಹಾಸಿದಾಗ ನೀವು ಕಂಡದ್ದು ಕಾಣುತ್ತದೆ. ಹಾಂಗ್‌ಕಾಂಗ್‌ಗೆ ಈ ನಿಯಮ ಅನ್ವಯಿಸದು. ಚೀನಾದ ಆ್ಯಪ್‌ಗಳು ನಿಮ್ಮ ಫೋನಿನ ಜಿಪಿಎಸ್ ಸಂಖ್ಯೆಯನ್ನೂ ಅದೇ ಸೂತ್ರಕ್ಕೆ ಹಾಕಿ ತೋರಿಸುವುದರಿಂದ ದಾರಿ ಹುಡುಕುವಾಗ ತೊಂದರೆಯಾಗುವುದಿಲ್ಲ. ನೀವೇ ದಾಖಲಿಸಿಕೊಂಡ ಜಾಗಗಳನ್ನು ಆ ನಕ್ಷೆಗೆ ಹಾಕುವಾಗ ಮಾತ್ರ ಯಾವ ವ್ಯವಸ್ಥೆಯದೆಂದು ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಡಬ್ಲ್ಯೂಜಿಎಸ್ 84 ಒಂದನ್ನೇ ಬಳಸಿ, ಓರೆನೋಟವನ್ನು ತಿದ್ದಿ, ಒಳ್ಳೆಯ ಉಪಕರಣದಿಂದ ಅಳೆದರೆ ಪದರ ಎಂದೆಂದಿಗೂ ಸರಿಯಾಗಿರುತ್ತದೆ ಎನ್ನಬಹುದೇ?
(ಸರ್ವೆ ವಿಷಯದ ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ಎಂದೆಂದಿಗೂ ಎನ್ನಲಾಗದು, ಏಕೆಂದರೆ ನೆಲವೇ ನಡೆಯುತ್ತಿದೆ. ಭಾರತವನ್ನು ಹೊತ್ತ ಭೂಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ನಿಮ್ಮದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಹಗಲಿರುಳು ಉಪಗ್ರಹಗಳನ್ನು ಆಲಿಸುವ ಜಾಗತಿಕ ಜಾಲದ ಒಂದು ಕೇಂದ್ರವಿದ್ದು, ಅದರ ಅಳತೆಗಳಲ್ಲಿ ಈ ಚಲನೆ ನೇರವಾಗಿ ಕಾಣುತ್ತದೆ. ಡಬ್ಲ್ಯೂಜಿಎಸ್ 84 ಯಾವ ಒಂದು ಫಲಕಕ್ಕೂ ಅಂಟಿಕೊಂಡಿಲ್ಲ, ಇಡೀ ಭೂಮಿಗೆ ಅಂಟಿಕೊಂಡಿದೆ. ಹಾಗಾಗಿ 2000ದಲ್ಲಿ ಬೆಂಗಳೂರಿನ ಒಂದು ಕಲ್ಲಿಗೆ ಕೊಟ್ಟ ಸಂಖ್ಯೆಗೂ ಅದೇ ಕಲ್ಲು 2025ರಲ್ಲಿ ತೋರಿಸುವ ಸಂಖ್ಯೆಗೂ ಒಂದೂಕಾಲು ಮೀಟರಿನಷ್ಟು ವ್ಯತ್ಯಾಸವಿರುತ್ತದೆ, ಕಲ್ಲನ್ನು ಯಾರೂ ಮುಟ್ಟಿರದಿದ್ದರೂ.

ಆಸ್ಟ್ರೇಲಿಯದವರು ಇದನ್ನು ತಲೆನೋವಾಗಿ ಅನುಭವಿಸಿದ್ದಾರೆ. ಅವರ ಫಲಕ ವರ್ಷಕ್ಕೆ ಏಳು ಸೆಂಟಿಮೀಟರ್ ಓಡುತ್ತದೆ. 1994ಕ್ಕೆ ನಿಲ್ಲಿಸಿದ್ದ ತಮ್ಮ ರಾಷ್ಟ್ರೀಯ ಡೇಟಮನ್ನು ಕೈಬಿಟ್ಟು 2020ಕ್ಕೆ ಹೊಂದಿಸಿದ ಹೊಸದಕ್ಕೆ ಬಂದಾಗ ದೇಶದ ಎಲ್ಲ ನಿರ್ದೇಶಾಂಕಗಳೂ 1.8 ಮೀಟರ್ ಈಶಾನ್ಯಕ್ಕೆ ಬದಲಾದವು.

ಕೋಲಾರದ ಓದುಗರ ಕೆರೆಗಳಿಗೆ ಇದು ಲೆಕ್ಕಕ್ಕಿಲ್ಲ. ಹತ್ತು ಮೀಟರ್ ಪಿಕ್ಸೆಲ್ಲಿನ ಸೆಂಟಿನೆಲ್–2 ಉಪಗ್ರಹದ ಚಿತ್ರದಲ್ಲಿ ಕೆಲಸ ಮಾಡುವವರೂ ಮರೆತುಬಿಡಬಹುದು. ನೀವು ಓದು ಮುಗಿಸಿ ಸೇರಬಹುದಾದ ಡ್ರೋನ್ ಸರ್ವೆ ಕೆಲಸದಲ್ಲಿ ಹಾಗಲ್ಲ: ಅಲ್ಲಿ ಒಂದು ಪಿಕ್ಸೆಲ್ ಐದು ಸೆಂಟಿಮೀಟರ್ ಇರುವುದು ಸಾಮಾನ್ಯ, ಎಂದರೆ ಡಬ್ಲ್ಯೂಜಿಎಸ್ 84ರ ಲೆಕ್ಕದಲ್ಲಿ ನೆಲ ವರ್ಷಕ್ಕೊಂದು ಪಿಕ್ಸೆಲ್ ನಡೆಯುತ್ತದೆ. ಅಳತೆಯ ಕಡತದಲ್ಲಿ ವ್ಯವಸ್ಥೆಯ ಹೆಸರಿನ ಜೊತೆಗೆ ಅಳತೆ ಮಾಡಿದ ದಿನಾಂಕವನ್ನೂ ಬರೆಯುವ ರೂಢಿಯನ್ನು ಈಗಲೇ ಹಚ್ಚಿಕೊಳ್ಳಿ. ಅದಿಲ್ಲದ ಹಳೆಯ ಕಡತಗಳನ್ನು ತೆರೆದು, ಒಂದು ಮೀಟರ್ ಎಲ್ಲಿ ಹೋಯಿತೆಂದು ಹುಡುಕುತ್ತ ನಾನು ಕಳೆದ ಮಧ್ಯಾಹ್ನಗಳು ಕಡಿಮೆಯಲ್ಲ.